ಹರಿಗೋಲಿನಲ್ಲಿ ಮೂರು ಜೀವ



ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ದೋಣಿಯಲ್ಲಿ ಕುಳಿತು ಊರಿಂದೂರಿಗೆ ಹೋಗುವುದು ಒಂದು ವಿಶೇಷವೆಂದು ತೋರುವುದಿಲ್ಲ. ಹೊನ್ನಾವರದ ವರ್ತಕರು ಶರಾವತಿಯ ಅಳಿವೆಯಿಂದ ಗೇರುಸೊಪ್ಪೆಯ ತನಕ ದೋಣಿಯನ್ನೇ ನಂಬಿ ಸರಕು ಸಾಗಿಸುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಕೇರಳದ ಹಿನ್ನೀರಿನಲ್ಲಿ ಕೆಟ್ಟುವಳ್ಳಂ ಎಂಬ ದೋಣಿಗಳು ಭತ್ತವನ್ನೂ ತೆಂಗಿನಕಾಯಿಯನ್ನೂ ಹೊತ್ತು ರಾತ್ರಿಯೆಲ್ಲ ಚಲಿಸುತ್ತಿದ್ದುವು. ಆಂಧ್ರದ ತೀರದಿಂದ ಮದರಾಸನ್ನು ಹಾದು ದಕ್ಷಿಣಕ್ಕೆ, ಕಡಲಿಗೆ ಸಮಾನಾಂತರವಾಗಿ ತೋಡಿದ ಬಕಿಂಗ್‌ಹ್ಯಾಮ್ ಕಾಲುವೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಉಪ್ಪು ಸೌದೆಗಳ ಹೆದ್ದಾರಿಯಾಗಿತ್ತು. ಅಮೆರಿಕದ ಪೂರ್ವತೀರದಲ್ಲಂತೂ, ಸಮುದ್ರದ ತೆರೆಗೆ ಮೈಯೊಡ್ಡದೆ ದಂಡೆಯ ಒಳಗೊಳಗೇ ಸಾಗುವ ಜಲಮಾರ್ಗವೊಂದು ವರ್ಜೀನಿಯದ ನಾರ್ಫೋಕ್ ಪಟ್ಟಣದಿಂದ ಫ್ಲಾರಿಡದವರೆಗೆ ಸಾವಿರ ಮೈಲಿಗೂ ಮಿಗಿಲಾಗಿ ಹಬ್ಬಿಕೊಂಡಿದ್ದು, ಚಳಿಗಾಲ ಸಮೀಪಿಸಿದೊಡನೆ ಅಲ್ಲಿಯ ನಿವೃತ್ತ ದಂಪತಿಗಳು ತಮ್ಮ ನಾಯಿಯನ್ನೂ ಹತ್ತಿಸಿಕೊಂಡು, ದಕ್ಷಿಣದ ಬೆಚ್ಚನೆಯ ಊರುಗಳನ್ನು ಒಂದೊಂದಾಗಿ ಮುಟ್ಟುತ್ತ, ತಿಂಗಳುಗಟ್ಟಲೆ ತೇಲಿ ಹೋಗುವುದುಂಟು. ಅಂಥ ಒಂದು ವೃತ್ತಾಂತವನ್ನು ಓದಿ ಮುಗಿಸಿದ ನನ್ನ ಮನೆಯವರು, ಪುಸ್ತಕವನ್ನು ಮಡಿಸಿಟ್ಟು, “ನಾವು ಹೋಗುವುದಾದರೆ ಎಲ್ಲಿಂದ ಎಲ್ಲಿಗೆ ಹೋಗಬಹುದು?” ಎಂದು ಕೇಳಿದರು. ಈ ಭಾಷಣಕ್ಕೆ ಆ ಪ್ರಶ್ನೆಯೇ ಮೂಲ.

ಮಂಡ್ಯದ ಸೀಮೆಗೆ ಕಡಲಿಲ್ಲ. ಆದರೆ ಕೃಷ್ಣರಾಜಪೇಟೆಯ ಮಗ್ಗುಲಲ್ಲಿ ಹೇಮಾವತಿ, ಪಾಂಡವಪುರದ ಅಂಚಿನಲ್ಲಿ ಕನ್ನಂಬಾಡಿಯ ವಿಶಾಲವಾದ ಜಲರಾಶಿ, ಶ್ರೀರಂಗಪಟ್ಟಣವನ್ನು ಎರಡು ಕವಲಾಗಿ ಬಳಸಿ ಹರಿಯುವ ಕಾವೇರಿ, ನಾಗಮಂಗಲದ ಕಡೆಯಿಂದ ಇಳಿದು ಬಂದು ಅದೇ ಕಾವೇರಿಯನ್ನು ಸೇರುವ ಲೋಕಪಾವನಿ, ಇಷ್ಟು ನೀರನ್ನು ಭೂಪಟದ ಮೇಲೆ ಒಟ್ಟಿಗೆ ಕಂಡಾಗ, ನಾಲ್ಕು ತಾಲ್ಲೂಕುಗಳನ್ನು ನೆಲ ಮೆಟ್ಟದೆಯೇ ಸುತ್ತಿ ಬರಬಹುದೆಂದು ನಮಗೆ ತೋರಿದ್ದು ಆಶ್ಚರ್ಯವಲ್ಲ. ಭೂಪಟದಲ್ಲಿ ನದಿಯೆಂದರೆ ನೀಲಿಯ ಅಖಂಡವಾದ ರೇಖೆ. ಆ ರೇಖೆಯನ್ನು ಅಲ್ಲಲ್ಲಿ ಅಡ್ಡಕ್ಕೆ ಕಡಿಯುವ ಸಣ್ಣ ಕಪ್ಪು ಗೀಟುಗಳ ಅರ್ಥ ಹೊಳೆಗೆ ಇಳಿದ ಮೇಲೆಯೇ ತಿಳಿಯತಕ್ಕದ್ದು. ನಮ್ಮ ಪೂರ್ವಿಕರು ಈ ನದಿಗಳಿಂದ ಎರಡು ಕಾರ್ಯಗಳನ್ನು ಮಾಡಿಸಿಕೊಂಡರು: ಒಂದು, ಆಚೆಯ ದಡಕ್ಕೆ ದಾಟುವುದು, ಇನ್ನೊಂದು, ನೀರನ್ನು ತಡೆದು ಗದ್ದೆಗೆ ತಿರುಗಿಸುವುದು. ನದಿಯ ಉದ್ದಕ್ಕೂ ಪಯಣಿಸುವ ಯೋಚನೆ ಅವರಿಗೆ ಬಂದಂತೆ ತೋರುವುದಿಲ್ಲ. ಬಂದಿದ್ದರೂ, ಹೆಜ್ಜೆಗೊಂದು ಬಂಡೆ, ಮಳೆಗಾಲದ ಮುನಿಸು, ಬೇಸಗೆಯ ಬರಿ ಮರಳು, ಇವು ಅದಕ್ಕೆ ಎಡೆಗೊಡುತ್ತಿರಲಿಲ್ಲ. ಹೀಗಿರುವ ನದಿಯಲ್ಲಿ ಉದ್ದಕ್ಕೆ ಹೊರಟವನು ತನ್ನ ದಾರಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ, ತನ್ನ ದಾರಿಗೆ ಅಡ್ಡಲಾಗಿ ನಿಂತ ಒಂದು ನಾಡಿನ ವ್ಯವಸಾಯದ ಚರಿತ್ರೆಯನ್ನು ನೋಡುತ್ತಾನೆ.

ನದಿಯ ಸ್ವಭಾವಕ್ಕೆ ತಕ್ಕಂತೆಯೇ ಇಲ್ಲಿಯ ದೋಣಿ ಹರಿಗೋಲು. ಬಿದಿರನ್ನು ಸೀಳಿ, ದಬ್ಬೆಗಳನ್ನು ಅಡ್ಡಲಾಗಿಯೂ ಉದ್ದವಾಗಿಯೂ ಹೆಣೆದು, ದುಂಡಾದ ಅಂಚಿಗೆ ಬಿಗಿಯಾಗಿ ಕಟ್ಟುಹಾಕಿ, ಹೊರಮೈಗೆ ಹಿಂದೆ ಎಮ್ಮೆಯ ಇಲ್ಲವೆ ಎತ್ತಿನ ತೊಗಲನ್ನು ಹೊದಿಸುತ್ತಿದ್ದರು. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ ಹೊಲಿದು ಮೇಲೆ ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದು ಹಿಂದುಗಳಿಲ್ಲ, ಎಡಬಲಗಳಿಲ್ಲ. ಹುಟ್ಟು ಹಾಕುವವರು ಯಾವ ಕಡೆ ಮುಖಮಾಡಿ ಕುಳಿತರೆ ಅದೇ ಮುಂದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟುವ ಈ ದೋಣಿಗಳನ್ನು ನೋಡಿ, ಅವು ಹದಿನೈದಿಪ್ಪತ್ತು ಜನರನ್ನು ಹೊರಬಲ್ಲುವೆಂದೂ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನು ಕೂಡ ದಾಟಿಸಬಲ್ಲುವೆಂದೂ, ಆದರೆ ನೇರವಾಗಿ ಚಲಿಸಲಾರದೆ ಸದಾ ತಿರುಗುತ್ತಲೇ ಇರುವುವೆಂದೂ, ಈ ರಾಜ್ಯದ ಹೊಳೆಗಳಲ್ಲೆಲ್ಲ ಇವನ್ನು ಬಿಟ್ಟರೆ ಬೇರೆ ದೋಣಿಯಿಲ್ಲವೆಂದೂ ಬರೆದಿಟ್ಟಿದ್ದಾನೆ. ಅವನಿಗೂ ಸುಮಾರು ಎರಡು ಸಾವಿರ ವರ್ಷ ಮೊದಲು ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸ್, ಬಾಬಿಲೋನಿಗೆ ಸರಕು ತರುವ ಇಂಥದೇ ದುಂಡು ದೋಣಿಗಳನ್ನು ವರ್ಣಿಸುತ್ತ ಒಂದು ವಿನೋದವಾದ ಸಂಗತಿಯನ್ನು ಹೇಳುತ್ತಾನೆ. ಪ್ರತಿಯೊಂದು ದೋಣಿಯಲ್ಲಿಯೂ ಒಂದು ಜೀವಂತವಾದ ಕತ್ತೆ ಇರುತ್ತಿತ್ತಂತೆ. ಪ್ರವಾಹದೊಡನೆ ಇಳಿದು ಬಂದ ವರ್ತಕರು, ಅದೇ ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕಲಾಗದೆ, ಸರಕನ್ನೂ ದೋಣಿಯ ಚೌಕಟ್ಟನ್ನೂ ಮಾರಿಬಿಟ್ಟು, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿ, ಆರ್ಮೀನಿಯಕ್ಕೆ ನಡೆದುಕೊಂಡು ಹಿಂದಿರುಗುತ್ತಿದ್ದರು. ಕತ್ತೆಗೆ ಎಡೆಯಿದ್ದ ದೋಣಿಯಲ್ಲಿ ನಮ್ಮ ಕೆಂಚನಿಗೆ ಎಡೆಯಿರದೆ ಹೋದೀತೆ ಎಂಬುದು ನನ್ನ ಮನೆಯವರ ವಾದ. ಕೆಂಚನೆಂಬುದು ನಮ್ಮ ನಾಯಿಯ ಹೆಸರು. ಜಾತಿ ಹೇಳಿಕೊಳ್ಳುವಂಥದಲ್ಲ, ಬಣ್ಣವನ್ನು ಹೆಸರೇ ಹೇಳುತ್ತದೆ.

ಈ ಬುಟ್ಟಿದೋಣಿಯ ಯೋಗ್ಯತೆಯನ್ನು ನಮ್ಮ ನೆಲದಲ್ಲಿ ಚೆನ್ನಾಗಿ ಅರಿತುಕೊಂಡ ಪರದೇಶೀಯನೊಬ್ಬನನ್ನು ಇಲ್ಲಿ ಸ್ಮರಿಸಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಸೇನೆಯ ಅಧಿಪತ್ಯ ಆರ್ಥರ್ ವೆಲ್ಲೆಸ್ಲಿಗೆ ಬಂದಿತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾಗಿ ನೆಪೋಲಿಯನ್ನನನ್ನು ಸೋಲಿಸಿದವನು ಈತನೇ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋಗುವಾಗ, ಮಾರ್ಗದ ತುಂಬುಹೊಳೆಗಳನ್ನು ದಾಟುವುದಕ್ಕೆ ಈತ ಆಶ್ರಯಿಸಿದ್ದು ಹರಿಗೋಲುಗಳನ್ನು. ದಂಡಿನ ಪಾಲಿಗೆ ಕೂಡ ಅವು ದಾಟುವ ಸಾಧನಗಳೇ ಆಗಿದ್ದುವೆಂಬುದನ್ನು ಗಮನಿಸಬೇಕು.

ನಾವು ಮಾಘಮಾಸದಲ್ಲಿ ಹೊರಟೆವು. ಆಷಾಢದ ಗಾಳಿಗೆ ಹರಿಗೋಲು ಸಿಕ್ಕಿದರೆ ಅದು ಗಾಳಿ ಹೇಳಿದ ದಡಕ್ಕೆ ಹೋಗುತ್ತದೆಯೇ ಹೊರತು ಅಂಬಿಗ ಹೇಳಿದ ದಡಕ್ಕಲ್ಲ. ಚೈತ್ರ ಕಳೆದರೆ ಹಿನ್ನೀರು ಇಳಿದು ಕೆಸರು ಮೇಲೇಳುತ್ತದೆ. ನಡುವಣ ಈ ಒಂದೆರಡು ತಿಂಗಳು ಮಾತ್ರ ವಯಸ್ಸಾದವರಿಗೂ ನಾಯಿಗೂ ಅನುಕೂಲವೆಂದು ಬಲ್ಲವರು ಹೇಳಿದ್ದರು. ಹಿಂದೆ ಅತ್ತಿಗುಪ್ಪೆಯೆಂದು ಕರೆಯಿಸಿಕೊಳ್ಳುತ್ತಿದ್ದ ಕೃಷ್ಣರಾಜಪೇಟೆಯಲ್ಲಿ ಬಸ್ಸಿಳಿದವರು ಸಾಮಾನ್ಯವಾಗಿ ಹೊಸಹೊಳಲಿನ ಲಕ್ಷ್ಮೀನಾರಾಯಣನನ್ನೋ ಕಿಕ್ಕೇರಿಯ ಬ್ರಹ್ಮೇಶ್ವರನನ್ನೋ ನೋಡಹೋಗುತ್ತಾರೆ. ಹೊಯ್ಸಳರ ಉಳಿಯ ಆ ಎರಡು ಕೃತಿಗಳನ್ನು ನೋಡದೆ ಬಂದವರ ಯಾತ್ರೆ ಅಪೂರ್ಣವೆಂಬುದೂ ನಿಜ. ನಮ್ಮ ಗಮನವೆಲ್ಲ ಹೇಮಾವತಿಯ ಮೇಲಿತ್ತು. ಮೂಡಿಗೆರೆಯ ಮಲೆನಾಡಿನಲ್ಲಿ ಹುಟ್ಟಿ, ಗೊರೂರಿನ ಜಲಾಶಯದಲ್ಲಿ ತಡೆದು ನಿಂತು, ಅಲ್ಲಿಂದ ಬಿಡುಗಡೆಯಾದಷ್ಟು ನೀರನ್ನು ಹೊತ್ತು ಈ ತಾಲ್ಲೂಕಿಗೆ ಬರುವ ಆ ನದಿಗೆ ಇಲ್ಲಿ ಕಾಲಿಟ್ಟಲ್ಲೆಲ್ಲ ಕಟ್ಟೆ. ಮಂದಗೆರೆ, ಹೇಮಗಿರಿ, ಅಕ್ಕಿಹೆಬ್ಬಾಳು ಎಂದು ಅವುಗಳ ಹೆಸರು. ನದಿಯ ಹರಹಿಗೆ ಓರೆಯಾಗಿ ಕಲ್ಲನ್ನು ಪೇರಿಸಿ, ನೀರನ್ನು ನಾಲ್ಕಾರು ಅಡಿ ಎತ್ತರಿಸಿ, ಮಗ್ಗುಲಿನ ನಾಲೆಯ ಬಾಯಿಗೆ ನೂಕಿ, ಹೆಚ್ಚಿದ್ದನ್ನು ತಲೆಯ ಮೇಲಿಂದ ಹಾಯಗೊಡುವ ಈ ಅಣೆಗಳ ನಿರ್ಮಾಣಕೌಶಲವನ್ನು ದಡದಲ್ಲಿ ನಿಂತು ನೋಡಿದವರು ಹೊಗಳುವುದು ಸಹಜ. ಹರಿಗೋಲಿನಲ್ಲಿ ಕುಳಿತು ಅದರ ಕಡೆಗೆ ಸರಿಯುತ್ತಿರುವವರಿಗೆ ಮಾತ್ರ ಆ ನೀರಿನ ಸದ್ದು ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ. ಅಣೆಯ ಬಳಿ ದಡ ಹತ್ತಿ, ಸಾಮಾನನ್ನು ಇಳಿಸಿ, ಹರಿಗೋಲನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ಅಂಬಿಗನು ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆಯತೊಡಗಿದನೆಂದರೆ, ಹಿಂದಿನಿಂದ ನೋಡುವವರಿಗೆ ಎರಡು ಕಾಲಿನ ದೊಡ್ಡ ಆಮೆಯೊಂದು ಗದ್ದೆಯ ಉಸ್ತುವಾರಿಗೆ ಹೊರಟಂತಿರುತ್ತದೆ. ಕೆಂಚ ಮೊದಲ ಸಲ ಅದನ್ನು ಕಂಡು ಬಹಳ ಹೊತ್ತು ಬೊಗಳಿದ.

ಅಕ್ಕಿಹೆಬ್ಬಾಳಿನ ಕೆಳಗೆ ನದಿ ನಿಧಾನವಾಗಿ ತನ್ನ ದಡಗಳನ್ನು ಕಳೆದುಕೊಳ್ಳುತ್ತದೆ. ಹೊಳೆ ಎಲ್ಲಿ ಮುಗಿಯಿತು, ಕನ್ನಂಬಾಡಿಯ ಹಿನ್ನೀರು ಎಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಹುಟ್ಟಿಗೆ ತಗಲುವ ಸೆಳೆತ ನಿಂತಿತೆಂದು ಅಂಬಿಗರು ಹೇಳಿದಾಗ ನಾವು ನಂಬಬೇಕು. ಇಲ್ಲಿಂದ ಮುಂದಕ್ಕೆ ನಮ್ಮನ್ನು ಕರೆದೊಯ್ದವರು ಮೀನುಗಾರರಾದ ಗಂಡಹೆಂಡಿರು; ಅವರ ಜೊತೆಗೂ ಒಂದು ನಾಯಿ ಇದ್ದಿತು. ದಂಪತಿಗಳು ನಾಯಿಯೊಡನೆ ನೀರಿನ ಮೇಲೆ ಊರೂರು ಸುತ್ತುವುದೆಂದರೆ ನಮಗೆ ಪುಸ್ತಕದಲ್ಲಿ ಓದಿ ಹುಟ್ಟಿದ ಹಂಬಲ. ಅವರಿಗೆ ಅದು ದಿನನಿತ್ಯದ ಬಾಳು. ಅಣೆಕಟ್ಟೆಯ ನೀರು ಇಳಿದಂತೆ ಅವರ ಬಿಡಾರವೂ ಇಳಿಯುತ್ತದೆ, ನೀರು ಏರಿದಂತೆ ಬಿಡಾರವೂ ಹಿಂದಕ್ಕೆ ಸರಿಯುತ್ತದೆ. ರಾತ್ರಿಯಲ್ಲಿ ಅದೇ ಹರಿಗೋಲನ್ನು ಒಂದು ಕವೆಗೋಲಿಗೆ ಒರಗಿಸಿ ನಿಲ್ಲಿಸಿದರೆ ಗಾಳಿಗೆ ಗೋಡೆ, ಮಂಜಿಗೆ ಚಾವಣಿ. ಹೊತ್ತು ಮುಳುಗುವ ಸಮಯಕ್ಕೆ ಬಲೆ ಬಿಟ್ಟು ಬಂದು, ಕೋಳಿ ಕೂಗುವ ಮೊದಲೇ ಎದ್ದು ಹೋಗಿ ಎತ್ತುವುದು. ಸಿಕ್ಕಿದ ಕಟ್ಲಾ, ರೋಹು, ಜಿಲೇಬಿ ಮೀನುಗಳನ್ನು ದಡಕ್ಕೆ ಬರುವ ವ್ಯಾಪಾರಿಗೆ ತೂಗಿ ಕೊಡುವುದು. ಬಿಸಿಲೇರಿದ ಮೇಲೆ ಹರಿದ ಬಲೆಯನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡು ಗಂಟು ಹಾಕುವುದು. ಇದರಲ್ಲಿ ಬಲೆಯ ಕೆಲಸ ಗಂಡಸಿನದು, ಹುಟ್ಟಿನ ಕೆಲಸ ಹೆಂಗಸಿನದು. ಹರಿಗೋಲಿಗೆ ಹುಟ್ಟು ಹಾಕುವ ರೀತಿ ಉದ್ದ ದೋಣಿಯದಕ್ಕೆ ವಿಪರೀತವಾದದ್ದು: ಹಿಂದಿನಿಂದ ನೂಕುವುದಲ್ಲ, ಮುಂದೆ ಕುಳಿತು, ಮುಂದಿನ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದು, ಸೆಳೆಯುವಾಗ ಮಣಿಕಟ್ಟಿನಲ್ಲಿ ಕಂಡೂ ಕಾಣದ ಒಂದು ತಿರುವು ಕೊಡದಿದ್ದರೆ ಹರಿಗೋಲು ಇದ್ದಲ್ಲಿಯೇ ಗಿರಿಗಿಟ್ಟಲೆಯಾಡುತ್ತದೆ. ಪಾಯೆಸ್ ಕಂಡದ್ದು ಬಹುಶಃ ಅವಸರದ ಅಂಬಿಗರನ್ನು. ನಾವು ಕಂಡ ಆಕೆಯ ಕೈಯಲ್ಲಿ ಅದು ಗೆರೆ ಎಳೆದಂತೆ ನೆಟ್ಟಗೆ ಸಾಗಿತು. ನಮ್ಮ ಸಾಹಿತ್ಯದಲ್ಲಿ ಅಂಬಿಗನೆಂದರೆ ಗುಹನಿಂದ ಮೊದಲ್ಗೊಂಡು ಚೌಡಯ್ಯನವರೆಗೆ ನೆನಪಾಗುವವರು ಹೆಚ್ಚಾಗಿ ಪುರುಷರೇ. ಈ ಹಿನ್ನೀರಿನಲ್ಲಿ ಒಂದು ಬೆಳಗ್ಗೆ ಕಳೆದವರಿಗೆ ಆ ಪಟ್ಟಿ ಅರ್ಧವೇ ಎಂದು ತೋರದಿರದು.

ಹತ್ತುವಾಗಲೇ ಆಕೆ ನನ್ನ ಮನೆಯವರಿಗೆ ಕಟ್ಟಪ್ಪಣೆ ಮಾಡಿದ್ದಳು: “ನಾಯೀನ ನಡೂಕೆ ಕೂರಿಸ್ಕಳಿ ಅವ್ವಾ. ಅದೇನಾರ ಅಂಚಿಗೆ ಬಂದ್ರೆ ನಾವೆಲ್ಲ ನೀರು ಕುಡೀಬೇಕಾಯ್ತದೆ.” ಅವರ ನಾಯಿಗೆ ಈ ಶಿಕ್ಷಣ ಆಗಿ ಹೋಗಿತ್ತು, ನಡುವಿನಲ್ಲಿ ಮುದುರಿಕೊಂಡು, ಹರಿಗೋಲು ವಾಲಿದರೂ ಕಣ್ಣು ತೆರೆಯದೆ ಮಲಗಿತ್ತು. ಅದರ ಉದ್ಯೋಗ ರಾತ್ರಿಯದು. ಬಲೆಗೆ ಬಿದ್ದ ಮೀನನ್ನು ನೀರುನಾಯಿಗಳು ಹಿಂಡುಕಟ್ಟಿ ಬಂದು ಕಚ್ಚಿ ತಿನ್ನುತ್ತವೆ. ಮೀನು ಹೋಗುವುದಲ್ಲದೆ ಬಲೆಯೂ ಹರಿದು ಹೋಗುತ್ತದೆ. ಅವುಗಳ ಸಿಳ್ಳಿನಂಥ ಕೂಗು ಕೇಳಿದೊಡನೆ ಈ ನಾಯಿ ದಡದ ಮೇಲೆ ಓಡಾಡುತ್ತ ಬೊಗಳಿ ಯಜಮಾನನನ್ನು ಎಬ್ಬಿಸಬೇಕು. ಅದಕ್ಕೆ ಕೂಲಿ, ಮಾರಾಟಕ್ಕೆ ಬಾರದ ಮೀನಿನ ತಲೆಗಳು. ಕೆಂಚ ಆ ಕೂಲಿಯಲ್ಲಿ ತನಗೂ ಪಾಲುಂಟೆಂದು ತಿಳಿದು ಮುಂದುವರಿದಾಗ ನಡೆದ ವಾಗ್ವಾದವನ್ನು ನಾನು ಇಲ್ಲಿ ವಿಸ್ತರಿಸುವುದಿಲ್ಲ. ನಾವು ವಿಹಾರಕ್ಕಾಗಿ ಮಾಡುತ್ತಿದ್ದುದನ್ನು ಅವರು ಜೀವನಕ್ಕಾಗಿ ಮಾಡುತ್ತಿದ್ದರೆಂಬ ಸಂಕೋಚ ನಮ್ಮಿಬ್ಬರಲ್ಲಿಯೂ ಇದ್ದಿತು. ಅವರಿಗೆ ಮಾತ್ರ, ಕೆಲಸವಿಲ್ಲದೆ ನೀರಿಗೆ ಬಂದ ಮುದುಕರಿಬ್ಬರು ಮನರಂಜನೆಯ ವಸ್ತುಗಳಾಗಿದ್ದಂತೆ ಕಂಡಿತು.

ಹಿನ್ನೀರಿನ ದಡದಲ್ಲಿ ವರಾಹನಾಥ ಕಲ್ಲಹಳ್ಳಿ ಇದೆ. ಭೂದೇವಿಯನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡ ಭೂವರಾಹನ ಬೃಹದಾಕಾರದ ಕೃಷ್ಣಶಿಲೆಯ ಮೂರ್ತಿ ಅಲ್ಲಿಯದು; ನೀರಿನಲ್ಲಿ ಮುಳುಗಿದ ಭೂಮಿಯನ್ನು ಮೇಲೆತ್ತಿದ ದೇವರು ಒಂದು ಜಲಾಶಯದ ಅಂಚಿನಲ್ಲಿ ಕುಳಿತು, ಎದುರಿಗೆ ಮುಳುಗಿದ ಹಳ್ಳಿಗಳನ್ನು ನೋಡುತ್ತಿರುವುದರ ವ್ಯಂಗ್ಯ ಯಾರ ಉದ್ದೇಶವೂ ಅಲ್ಲದೆ ಒದಗಿಬಂದದ್ದು. ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ತ್ರಿವೇಣಿ ಸಂಗಮ. 2013ರಲ್ಲಿಯೂ 2022ರಲ್ಲಿಯೂ ಅಲ್ಲಿ ಕುಂಭಮೇಳ ನಡೆದು ಜನಸಾಗರವೇ ನೆರೆದಿತ್ತು. ನಾವು ಹೋದಾಗ ಬಟ್ಟೆ ಒಗೆಯುವ ಹೆಂಗಸರು ನಾಲ್ಕು ಮಂದಿಯೂ ಒಂದು ಎಮ್ಮೆಯ ಹಿಂಡೂ ಇದ್ದುವು. ಮೂರು ನದಿಗಳ ಪೈಕಿ ಯಾವುದು ಯಾವುದೆಂದು ನಮಗೆ ತಿಳಿಯಲಿಲ್ಲ. ಎಲ್ಲವೂ ಒಂದೇ ನೀರು, ಒಂದೇ ಮಟ್ಟ. ಈ ಸಮತೆಯನ್ನು ತಂದದ್ದು ಕನ್ನಂಬಾಡಿಯ ಕಟ್ಟೆ. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದಾಗ 1911ರಲ್ಲಿ ಮೊದಲಾಗಿ, ಎರಡು ದಶಕಗಳ ಕಾಲ ನಡೆದು 1931ರಲ್ಲಿ ಪೂರ್ಣವಾದ, ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದ, ಸುಮಾರು 49 ಟಿಎಂಸಿ ಅಡಿ ನೀರು ಹಿಡಿಯುವ ಈ ಕಟ್ಟೆಯ ಮಹಿಮೆಯನ್ನು ಮಂಡ್ಯದವರ ಮುಂದೆ ಹೇಳಹೊರಡುವುದು ಅಧಿಕಪ್ರಸಂಗವಾದೀತು. ಪ್ರತಿದಿನ ಬೆಳಗ್ಗೆ ಕಾಫಿಗೂ ಮೊದಲು ಕಟ್ಟೆಯ ಮಟ್ಟ ಎಷ್ಟಾಯಿತು, 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ಕೇಳುವ ಜನ ಇವರು. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಗ್ರಾಮ ನೀರಿನೊಳಗೆ ಸೇರಿತು. ಅಲ್ಲಿಯ ವೇಣುಗೋಪಾಲಸ್ವಾಮಿಯ ಗುಡಿ ಬರಗಾಲದ ವರ್ಷಗಳಲ್ಲಿ ಮೇಲೆದ್ದು ಕಾಣಿಸಿಕೊಳ್ಳುತ್ತಿತ್ತು. ಇತ್ತೀಚೆಗೆ ಅದರ ಕಲ್ಲುಗಳನ್ನು ಬಿಡಿಸಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮರಳಿ ಜೋಡಿಸಿ ನಿಲ್ಲಿಸಿದ್ದಾರೆ. ಗುಡಿ ಬಹಳ ಚೊಕ್ಕಟವಾಗಿದೆ. ನನಗೆ ಅದರ ಕಲ್ಲುಗಳಿಗಿಂತ, ಅವುಗಳ ಸಂದುಗಳಲ್ಲಿ ಒಮ್ಮೆ ಮೀನು ಸಂಚರಿಸುತ್ತಿದ್ದಿರಬೇಕೆಂಬ ಯೋಚನೆಯೇ ಹೆಚ್ಚು ಹೊತ್ತು ಮನಸ್ಸಿನಲ್ಲಿ ನಿಂತಿತು.

ಕಟ್ಟೆಯ ಸಮೀಪಕ್ಕೆ ದೋಣಿ ಬಾರದಂತೆ ಕಟ್ಟುನಿಟ್ಟು ಇರುವುದರಿಂದ, ಬಹು ದೂರದಲ್ಲಿಯೇ ದಡ ಹತ್ತಿ, ಮೀನುಗಾರ ದಂಪತಿಗಳಿಗೆ ವಂದಿಸಿ, ಬಸ್ಸಿಗೆ ಕಾದೆವು. ಕಂಡಕ್ಟರು ಕೆಂಚನಿಗೂ ಒಂದು ಟಿಕೆಟ್ಟು ಹರಿದರು. ಕಟ್ಟೆಯ ಕೆಳಗಿನ ಕಾವೇರಿ ಮತ್ತೆ ಬಂಡೆಗಳ ಕಾವೇರಿ. ಬೆಳಗೊಳ, ಬಲಮುರಿ, ಎಲ್ಲಿ ನೋಡಿದರೂ ಹಳೆಯ ಅಣೆಗಳು: ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ, ಇವೆಲ್ಲ ಕನ್ನಂಬಾಡಿಗೆ ಶತಮಾನಗಳಷ್ಟು ಹಿರಿಯವು, ವಿಶ್ವೇಶ್ವರಯ್ಯನವರಿಗಿಂತ ಮೊದಲು ಶ್ರೀರಂಗಪಟ್ಟಣದ ಸುತ್ತ ಭತ್ತ ಬೆಳೆಯುತ್ತಿರಲಿಲ್ಲವೆಂದು ತಿಳಿದ ಹೊರಗಿನವರನ್ನು ಈ ನಾಲೆಗಳ ಏರಿಯ ಮೇಲೆ ಒಂದು ದಿನ ನಡೆಸಬೇಕು. ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ ಅಣೆಯ ನೀರು ನಿಂತು ಉಂಟಾದ ನಡುಗಡ್ಡೆಗಳೇ ಇಂದಿನ ರಂಗನತಿಟ್ಟು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಅದನ್ನು ನೋಡಿ ಮೈಸೂರಿನ ಅರಸರಿಗೆ ಹೇಳಿದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಗದ್ದೆಗಾಗಿ ಕಟ್ಟಿದ್ದು ಹಕ್ಕಿಗೆ ಒದಗಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ಎಲ್ಲವೂ ಅರಸರ ಅಣೆಯ ಅನ್ನವನ್ನೇ ಉಣ್ಣುತ್ತಿವೆ. ನಾಯಿಗೆ ಅಲ್ಲಿ ಪ್ರವೇಶವಿಲ್ಲ. ಆದುದರಿಂದ ನಾನು ಒಳಗೆ ಹೋದಾಗ ನನ್ನ ಮನೆಯವರೂ, ಅವರು ಒಳಗೆ ಹೋದಾಗ ನಾನೂ ಹೊರಗೆ ಕೆಂಚನೊಡನೆ ಕುಳಿತಿದ್ದು, ಒಂದೇ ದೃಶ್ಯದ ಬಗೆಗೆ ಎರಡು ವರದಿಗಳನ್ನು ಪಡೆದುಕೊಂಡೆವು. ಬಂಡೆಯ ಮೇಲೆ ಬಾಯ್ದೆರೆದು ಬಿಸಿಲು ಕಾಯಿಸುವ ಮೊಸಳೆಗಳ ವಿಷಯದಲ್ಲಿ ಮಾತ್ರ ಎರಡು ವರದಿಗಳೂ ಒಂದೇ ಆಗಿದ್ದುವು. ಅಂದಿನಿಂದ ಈ ಹೊಳೆಯಲ್ಲಿ ಕೆಂಚನಿಗೆ ನೀರು ಕುಡಿಸಿದ್ದು ತಂಬಿಗೆಯಲ್ಲಿ.

ಶ್ರೀರಂಗಪಟ್ಟಣದ ಚರಿತ್ರೆಯನ್ನು ಹೇಳುವುದಕ್ಕೆ ಬೇರೆ ಭಾಷಣಗಳಿವೆ, ಬೇಕಾದಷ್ಟು ಭಾಷಣಕಾರರೂ ಇದ್ದಾರೆ. ನಾನು ನೀರಿನ ಮಾತೊಂದನ್ನು ಮಾತ್ರ ಹೇಳುತ್ತೇನೆ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ದಂಡು ಕೋಟೆಗೆ ನುಗ್ಗಿದ್ದು ಕಾಲ್ನಡೆಯಲ್ಲಿ, ಬೇಸಗೆಯ ಕಾವೇರಿಯ ಬಂಡೆಗಳ ನಡುವೆ ನೀರನ್ನು ಹಾಯ್ದುಕೊಂಡು. ಮುಂಗಾರಿನ ನೀರು ಬಂದು ಹೊಳೆ ತುಂಬಿದರೆ ಮುತ್ತಿಗೆ ಮುರಿದು ಬೀಳುವುದೆಂದು ಜನರಲ್ ಹ್ಯಾರಿಸ್ ಅರಿತಿದ್ದ. ಅವನ ತರಾತುರಿಗೆ ಅದೇ ಕಾರಣ. ಆಮೇಲೆ ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿಸಿದ ಕಲ್ಲಿನ ಸೇತುವೆಗೆ, ಆರ್ಥರನದಲ್ಲ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಒರಟು ಕಲ್ಲುಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ಎಷ್ಟೋ ಪ್ರವಾಹಗಳನ್ನು ಕಂಡೂ ನಿಂತಿದೆ. ಅದರ ಕಂಬಗಳ ನಡುವೆ ಹರಿಗೋಲಿನಲ್ಲಿ ಹಾಯುವಾಗ ತಲೆಯೆತ್ತಿ ನೋಡಿದರೆ, ಈ ಸೇತುವೆ ಬಂದ ದಿನ ಎಷ್ಟು ಮಂದಿ ಅಂಬಿಗರ ಕೂಲಿ ತಪ್ಪಿರಬೇಕೆಂದು ತೋರುತ್ತದೆ. ಅಲ್ಲಿಂದ ಮುಂದೆ ಗಂಜಾಮಿನ ನಿಮಿಷಾಂಬೆಯ ಸೋಪಾನ, ಹೈದರ್ ಟಿಪ್ಪುಗಳ ಗುಂಬಜು, ಕವಲುಗಳು ಮರಳಿ ಕೂಡುವ ಸಂಗಮ. ಉತ್ತರದಲ್ಲಿ ಕರಿಘಟ್ಟ, ಅದರ ಬುಡದಲ್ಲಿ ಕಾವೇರಿಯನ್ನು ಸೇರುವ ಲೋಕಪಾವನಿ.

ಲೋಕಪಾವನಿಯಲ್ಲಿ ಹರಿಗೋಲಿನ ಮಾತಿಲ್ಲ. ಮಳೆಗಾಲದಲ್ಲಿ ಅದು ಹರಿಗೋಲನ್ನು ಒಡೆಯುತ್ತದೆ, ಮಾಘದಲ್ಲಿ ಅದರ ತಳವನ್ನು ಕೂಡ ನೆನೆಸುವುದಿಲ್ಲ. ಹೆರೊಡೋಟಸನ ವರ್ತಕರ ಹಾಗೆ ನಾವೂ ದೋಣಿಯ ಸಹವಾಸವನ್ನು ಬಿಟ್ಟು, ನದಿಯ ಜಾಡಿಗೆ ಎದುರಾಗಿ, ಸ್ವಲ್ಪ ನಡೆದೂ ಸ್ವಲ್ಪ ಬಸ್ಸಿನಲ್ಲಿಯೂ ಉತ್ತರಕ್ಕೆ ಹೊರಟೆವು. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಊರು ಈಗ ಪಾಂಡವಪುರ. ಅದರ ಮೇಲಣ ಬಂಡೆಗಳ ಗುಡ್ಡ ಕುಂತಿಬೆಟ್ಟ. ಪಾಂಡವರು ವನವಾಸದಲ್ಲಿ ಇಲ್ಲಿದ್ದರೆಂಬ ಪ್ರತೀತಿ ಇರುವಲ್ಲಿ ನಾಯಿಯೊಡನೆ ಕುಳಿತಾಗ ಧರ್ಮರಾಯನ ಮಹಾಪ್ರಸ್ಥಾನ ನೆನಪಾಗದಿರುವುದು ಹೇಗೆ? ತಮ್ಮಂದಿರೆಲ್ಲರೂ ಬಿದ್ದ ಮೇಲೆ ಸ್ವರ್ಗದ ಬಾಗಿಲವರೆಗೆ ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥವೇರಲಾರೆನೆಂದ ಆ ಮಹಾನುಭಾವನ ಕಥೆಯನ್ನು ನಾನು ಸ್ವಲ್ಪ ಆವೇಶದಿಂದಲೇ ಹೇಳಿದೆ. ನನ್ನ ಮನೆಯವರು ಕೇಳಿ, “ಆ ದಾರಿಯಲ್ಲಿ ಎಲ್ಲರಿಗಿಂತ ಮೊದಲು ಬಿದ್ದವಳು ದ್ರೌಪದಿ. ಅವಳಿಗಾಗಿ ನಿಲ್ಲದ ಕಾಲು ನಾಯಿಗಾಗಿ ನಿಂತಿತಲ್ಲ!” ಎಂದರು. ಉತ್ತರ ಕೊಡುವುದು ಕಷ್ಟವಾದ್ದರಿಂದ ನಾನು ಮಾತನ್ನು ಇತಿಹಾಸದ ಕಡೆಗೆ ತಿರುಗಿಸಿದೆ.

ಇತಿಹಾಸದಲ್ಲಿಯೂ ನಾಯಿಗೆ ಈ ಜಿಲ್ಲೆ ತೋರಿದ ಗೌರವ ಅಸಾಧಾರಣವಾದದ್ದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ, 949–50ರ ಶಾಸನ ಒಂದಿದೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ಸೇವಕನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಅವನು ನಾಡನ್ನೂ ಬೇಡದೆ ಹೊನ್ನನ್ನೂ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿಕೊಂಡ. ಆ ನಾಯಿ ಕೆಳಲೆಯ ಗುಡ್ಡದ ಬಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಣ್ಣಕೂಡದೆಂದು ಕಟ್ಟಳೆ ಮಾಡಿದರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ದಿಗ್ವಿಜಯವನ್ನು ತಿಳಿಸುವ ಶಿಲೆಯ ಮೇಲೆಯೇ ನಾಯಿಯ ಮರಣವೂ ದಾಖಲಾಗಿರುವುದನ್ನು ನೋಡಿದರೆ, ಆ ಕಾಲದವರ ತಾರತಮ್ಯಜ್ಞಾನ ನಮ್ಮದಕ್ಕಿಂತ ಬೇರೆಯಾಗಿತ್ತೆಂದೂ, ಕೀಳಾಗಿರಲಿಲ್ಲವೆಂದೂ ಒಪ್ಪಬೇಕಾಗುತ್ತದೆ.

ತೊಣ್ಣೂರಿನ ಕೆರೆಯ ಏರಿಯ ಮೇಲೆ ಒಂದು ಸಂಜೆ ಕುಳಿತೆವು. ರಾಮಾನುಜಾಚಾರ್ಯರ ನೆನಪು ಹೊತ್ತ ಈ ಕೆರೆಯ ತಿಳಿನೀರನ್ನು ಕಂಡು ಹದಿನೆಂಟನೆಯ ಶತಮಾನದಲ್ಲಿ ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಮೋತಿ ತಲಾಬ್ ಎಂದು ಹೆಸರಿಟ್ಟನಂತೆ. ಅಲ್ಲಿಂದ ಉತ್ತರಕ್ಕೆ ನಾಗಮಂಗಲದ ನೆಲ ಏರುತ್ತ, ಕೆಂಪಾಗುತ್ತ, ಒಣಗುತ್ತ ಹೋಗುತ್ತದೆ. ಕಬ್ಬು ಭತ್ತಗಳು ಹಿಂದೆ ಬಿದ್ದು ರಾಗಿ, ಹುರುಳಿ, ತೆಂಗು ಮುಂದೆ ಬರುತ್ತವೆ. ಸೌಮ್ಯಕೇಶವನ ಗುಡಿಯಲ್ಲಿ ಕೈಮುಗಿದು ಆದಿಚುಂಚನಗಿರಿಗೆ ಹೋದೆವು. ಅಲ್ಲಿಯ ಕ್ಷೇತ್ರಪಾಲಕ ಕಾಲಭೈರವ. ನಾಯಿ ಅವನ ವಾಹನ. ಯಾತ್ರೆಯುದ್ದಕ್ಕೂ ನಡುವಿನಲ್ಲಿ ಕೂರು, ಹೊರಗೆ ಕಾಯು, ಟಿಕೆಟ್ಟು ತೆಗೆ ಎಂದು ಅನ್ನಿಸಿಕೊಂಡು ಬಂದಿದ್ದ ಕೆಂಚನನ್ನು ಬೆಟ್ಟದ ಬುಡದಲ್ಲಿ ಮುದುಕಿಯೊಬ್ಬಳು ಕರೆದು, “ಬಾರಪ್ಪ, ಭೈರುವನ ಮಗ” ಎಂದು ಬಾಳೆಹಣ್ಣು ಕೊಟ್ಟಳು. ಕೆಂಚ ಬಾಳೆಹಣ್ಣು ತಿನ್ನುವವನಲ್ಲ, ಅಂದು ತಿಂದ.

ನಾಗಮಂಗಲದಲ್ಲಿ ನೀರಿನ ಸಂಚಾರ ಮುಗಿಯಿತೆಂದು ನಾವು ತಿಳಿದಿದ್ದೆವು. ಹಿಂದಿರುಗುವ ದಾರಿಯಲ್ಲಿ ಬಸ್ಸು ಒಂದು ನಾಲೆಯ ಸೇತುವೆಯ ಬಳಿ ನಿಂತಿತು. ಕೆಳಗೆ, ಎರಡು ಬದಿಗೂ ಕಲ್ಲು ಕಟ್ಟಿದ ಪಾತ್ರದಲ್ಲಿ, ನದಿಯಷ್ಟೇ ಅಗಲವಾದ ನೀರು, ಬಂಡೆಯಿಲ್ಲದೆ, ಮರಳಿಲ್ಲದೆ, ಅಣೆಯಿಲ್ಲದೆ, ನಿಶ್ಶಬ್ದವಾಗಿ ಸಾಗುತ್ತಿತ್ತು. ಅದು ಹೇಮಾವತಿ. ಗೊರೂರಿನ ಎಡದಂಡೆಯಿಂದ ಹೊರಟು, ನಾಗಮಂಗಲದ ಶಾಖಾ ನಾಲೆಯಾಗಿ ಕವಲೊಡೆದು, ಗುಡ್ಡಗಳ ಸೊಂಟವನ್ನು ಬಳಸಿಕೊಂಡು ಇಲ್ಲಿಗೆ ಬಂದಿತ್ತು. ನಾವು ಕೃಷ್ಣರಾಜಪೇಟೆಯಲ್ಲಿ ಯಾವ ನದಿಯೊಡನೆ ಇಳಿದೆವೋ ಅದರ ಒಂದು ಪಾಲು, ಕನ್ನಂಬಾಡಿಯನ್ನೂ ಶ್ರೀರಂಗಪಟ್ಟಣವನ್ನೂ ನೋಡದೆ, ಒಳದಾರಿಯಲ್ಲಿ ಬಂದು, ಲೋಕಪಾವನಿ ಹುಟ್ಟುವ ಸೀಮೆಯಲ್ಲಿ ನಮ್ಮೆದುರಿಗೆ ನಿಂತಿತ್ತು. ತೂಬಿನ ಬಳಿ ಗುದ್ದಲಿಯನ್ನು ಹೆಗಲಿಗೇರಿಸಿ ನೀರುಗಂಟಿಯೊಬ್ಬ ನಿಂತಿದ್ದ. ನನ್ನ ಮನೆಯವರು ಕಿಟಕಿಯಿಂದ ತಲೆ ಹೊರಗಿಟ್ಟು, “ಯಜಮಾನರೆ, ಈ ನಾಲೆಯಲ್ಲಿ ಹರಿಗೋಲು ಬಿಟ್ಟರೆ ಎಲ್ಲಿಯವರೆಗೆ ಹೋಗಬಹುದು?” ಎಂದು ಕೇಳಿದರು.

ಆತ ಅವರನ್ನೂ, ಅವರ ತೊಡೆಯ ಮೇಲಿದ್ದ ನಾಯಿಯ ಮುಖವನ್ನೂ, ಪಕ್ಕದಲ್ಲಿದ್ದ ನನ್ನನ್ನೂ ಸಾವಕಾಶವಾಗಿ ನೋಡಿ, “ಇದು ಗದ್ದೆಗೆ ಬಿಟ್ಟಿರೋ ನೀರು ಕಣವ್ವಾ. ಅರಿಗೋಲು ಬಿಟ್ರೆ ಪೊಲೀಸ್ ಸ್ಟೇಸನ್ ಗಂಟ ಹೋಗ್ಬೋದು” ಎಂದ.